ಭೂತಬಿಂಬ: ಬೆಳಕಿನ ಎರಡು ಸಾಕ್ಷ್ಯಗಳಿಂದ ವಸ್ತುವಿನ ರೂಪವನ್ನು ಅರಿಯುವ ಬಗೆ

ಒಂದು ವಸ್ತುವನ್ನು ಕಾಣಬೇಕಾದರೆ ಅದರಿಂದ ಹೊರಟ ಬೆಳಕು ನಮ್ಮ ಕಣ್ಣನ್ನಾಗಲಿ ಕ್ಯಾಮರಾದ ಫಲಕವನ್ನಾಗಲಿ ಮುಟ್ಟಬೇಕೆಂಬುದು ಬಾಲಕರಿಗೂ ತಿಳಿದ ಮಾತು. ಹೀಗಿರಲು, ವಸ್ತುವನ್ನು ಎಂದೂ ಮುಟ್ಟದ ಬೆಳಕಿನ ಹಾದಿಯಲ್ಲಿ ಆ ವಸ್ತುವಿನ ಬಿಂಬವು ದೊರೆಯಿತೆಂದು ೧೯೯೫ರಲ್ಲಿ ಅಮೆರಿಕದ ಭೌತವಿಜ್ಞಾನಿಗಳು ಕೆಲವರು ಪ್ರಕಟಿಸಿದಾಗ ವಿದ್ವಾಂಸರಲ್ಲಿ ಕುತೂಹಲವೂ ಅದರ ಬೆನ್ನಿಗೆ ವಿವಾದವೂ ಹುಟ್ಟಿದುದು ಸಹಜವೇ ಆಗಿದೆ. ಈ ವಿಧಾನಕ್ಕೆ ಆಂಗ್ಲ ಭಾಷೆಯಲ್ಲಿ ‘ಘೋಸ್ಟ್ ಇಮೇಜಿಂಗ್’ ಎಂಬ ಹೆಸರು ರೂಢಿಗೆ ಬಂದಿದೆ. ನಾವು ಅದನ್ನು ಭೂತಬಿಂಬವೆಂದು ಕರೆಯಬಹುದು. ನಮ್ಮ ಭಾಷೆಯಲ್ಲಿ ಭೂತವೆಂದರೆ ಪ್ರೇತವೂ ಹೌದು, ಕಳೆದುಹೋದ ಕಾಲವೂ ಹೌದು. ಈ ಎರಡನೆಯ ಅರ್ಥದಿಂದಲೇ ಈ ವಿಷಯವು ಇತಿಹಾಸದ ಅಭ್ಯಾಸಿಗಳಾದ ನಮ್ಮ ಗಮನವನ್ನು ಸೆಳೆಯಿತೆಂದರೆ ತಪ್ಪಾಗದು.

ನಾವು ಭೌತವಿಜ್ಞಾನವನ್ನು ಬೋಧಿಸುವವರಲ್ಲ. ಆದರೆ ಇತಿಹಾಸಕಾರನು ತಾನು ಕಣ್ಣಾರೆ ಕಾಣದ ಸಂಗತಿಯನ್ನು, ಒಂದೊಂದೂ ಅಪೂರ್ಣವಾದ ಸಾಕ್ಷ್ಯಗಳನ್ನು ಕೂಡಿಸಿ ಅರಿಯಬೇಕಾದವನು. ಭೂತಬಿಂಬದ ವಿಧಾನವೂ ಇದನ್ನೇ ಮಾಡುತ್ತದೆ. ಅದಲ್ಲದೆ, ಈ ವಿಧಾನವನ್ನು ಕುರಿತ ಮೂವತ್ತು ವರ್ಷಗಳ ಚರ್ಚೆಯು ‘ಇದು ಇದರಿಂದಲೇ ಆಯಿತು’ ಎಂದು ಹೇಳಲು ನಮಗೆ ಎಷ್ಟು ಅಧಿಕಾರವಿದೆಯೆಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದೆ. ಕಾಲೇಜಿನ ತರಗತಿಗಳಲ್ಲಿ ಯಾವ ವಿಷಯವನ್ನು ಹೇಳುವವರಿಗೂ ಈ ಪ್ರಶ್ನೆ ಸಂಬಂಧಿಸಿದುದೇ ಆಗಿರುವುದರಿಂದ ಪ್ರಕೃತ ಲೇಖನದಲ್ಲಿ ಅದನ್ನು ವಿವರಿಸಲು ಯತ್ನಿಸಿದ್ದೇವೆ.

೧. ವಿಧಾನದ ತತ್ತ್ವ

ಸಾಮಾನ್ಯ ಕ್ಯಾಮರಾದಲ್ಲಿ ವಸ್ತುವಿನ ಒಂದೊಂದು ಬಿಂದುವಿನಿಂದ ಬಂದ ಬೆಳಕು ಮಸೂರದ ಮೂಲಕ ಫಲಕದ ಒಂದೊಂದು ಬಿಂದುವನ್ನು ಸೇರುತ್ತದೆ. ‘ಎಷ್ಟು ಬೆಳಕು ಬಂದಿತು’, ‘ಎಲ್ಲಿಂದ ಬಂದಿತು’ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಫಲಕವು ಉತ್ತರ ಕೊಡುತ್ತದೆ. ಭೂತಬಿಂಬದಲ್ಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸಿ ಇಬ್ಬರಿಗೆ ಹಂಚಲಾಗುತ್ತದೆ. ಒಂದೇ ಮೂಲದಿಂದ ಹೊರಟ ಬೆಳಕನ್ನು ಎರಡು ಹಾದಿಗಳಾಗಿ ಮಾಡಿ, ಮೊದಲನೆಯ ಹಾದಿಯಲ್ಲಿ ವಸ್ತುವನ್ನು ಇಡುತ್ತಾರೆ. ವಸ್ತುವನ್ನು ದಾಟಿ ಬಂದ ಬೆಳಕೆಲ್ಲವನ್ನೂ ಒಂದು ಗ್ರಾಹಕವು ಒಟ್ಟಾಗಿ ಅಳೆಯುತ್ತದೆ. ಮಳೆಯ ನೀರು ಯಾವ ಹಂಚಿನಿಂದ ಜಾರಿತೆಂದು ತಿಳಿಯದೆ ಬಕೆಟ್ಟು ಅದನ್ನು ಹಿಡಿಯುವಂತೆ ಇದೂ ಮೊತ್ತವನ್ನು ಮಾತ್ರ ಬಲ್ಲದು. ಆದುದರಿಂದಲೇ ಇದಕ್ಕೆ ಬಕೆಟ್ ಗ್ರಾಹಕವೆಂದು ಹೆಸರು. ಎರಡನೆಯ ಹಾದಿಯಲ್ಲಿ ವಸ್ತುವಿಲ್ಲ. ಅಲ್ಲಿರುವ ಕ್ಯಾಮರಾ ಬೆಳಕು ಆ ಕ್ಷಣದಲ್ಲಿ ಎಲ್ಲೆಲ್ಲಿ ಬಿದ್ದಿತೆಂಬುದನ್ನು ಮಾತ್ರ ಬರೆದಿಡುತ್ತದೆ. ಮೊದಲನೆಯ ಸಾಕ್ಷಿಗೆ ವಸ್ತುವಿನ ಪರಿಚಯವಿದ್ದರೂ ಸ್ಥಳಜ್ಞಾನವಿಲ್ಲ. ಎರಡನೆಯದಕ್ಕೆ ಸ್ಥಳಜ್ಞಾನವಿದ್ದರೂ ವಸ್ತುವಿನ ಪರಿಚಯವಿಲ್ಲ. ಇಬ್ಬರ ಹೇಳಿಕೆಗಳನ್ನು ಕ್ಷಣಕ್ಕೆ ಕ್ಷಣ ಜೋಡಿಸಿ ನೋಡಿದರೆ ಮಾತ್ರ ಬಿಂಬವು ಮೂಡುತ್ತದೆ.

ಒಂದು ಸಣ್ಣ ಲೆಕ್ಕದಿಂದ ಇದನ್ನು ವಿಶದಪಡಿಸಬಹುದು. ಚೌಕಾಬಾರದ ಮನೆಗಳಂತೆ ಸಾಲಾಗಿ ನಾಲ್ಕು ಮನೆಗಳಿವೆಯೆಂದು ಭಾವಿಸೋಣ. ವಸ್ತುವು ಒಂದು ತಡೆಹಲಗೆ. ಅದರಲ್ಲಿ ೧ನೆಯ ಮತ್ತು ೨ನೆಯ ಮನೆಗಳು ತೆರೆದಿವೆ, ೩ನೆಯ ಮತ್ತು ೪ನೆಯ ಮನೆಗಳು ಮುಚ್ಚಿವೆ. ಪ್ರತಿ ಸಲವೂ ಬೆಳಕು ಯಾವುದಾದರೂ ಎರಡು ಮನೆಗಳ ಮೇಲೆ ಮಾತ್ರ ಬೀಳುತ್ತದೆ. ಹೀಗೆ ಎರಡೆರಡು ಮನೆಗಳನ್ನು ಆರಿಸಿಕೊಳ್ಳುವ ಬಗೆಗಳು ಒಟ್ಟು ೬. ಬೆಳಕು ೧-೨ರ ಮೇಲೆ ಬಿದ್ದಾಗ ಬಕೆಟ್ ಗ್ರಾಹಕದ ಅಳತೆ ೨. ೧-೩, ೧-೪, ೨-೩, ೨-೪ ಈ ನಾಲ್ಕು ಸಲವೂ ೧. ೩-೪ರ ಮೇಲೆ ಬಿದ್ದಾಗ ೦. ಈ ಆರು ಅಂಕೆಗಳನ್ನಷ್ಟೇ ಕಂಡವನಿಗೆ ವಸ್ತುವಿನ ಆಕಾರವು ತಿಳಿಯಲಾರದು. ಆದರೆ ೧ನೆಯ ಮನೆ ಬೆಳಗಿದ ಮೂರು ಸಲಗಳ ಅಳತೆಗಳನ್ನು ಕೂಡಿದರೆ ೨+೧+೧, ಎಂದರೆ ೪ ಬರುತ್ತದೆ. ೨ನೆಯ ಮನೆಗೂ ೪ ಬರುತ್ತದೆ. ೩ನೆಯ ಮನೆಗೆ ೧+೧+೦, ಎಂದರೆ ೨, ೪ನೆಯದಕ್ಕೂ ೨. ತೆರೆದ ಮನೆಗಳು ೪ ಎಂದೂ ಮುಚ್ಚಿದ ಮನೆಗಳು ೨ ಎಂದೂ ಬೇರೆಯಾಗಿ ನಿಂತವು. ಇದೇ ಬಿಂಬ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಮುಚ್ಚಿದ ಮನೆಗಳಿಗೂ ಸೊನ್ನೆ ಬರಲಿಲ್ಲ. ಅವು ತೆರೆದ ಮನೆಗಳ ಸಹವಾಸದಿಂದ ೨ರಷ್ಟು ಹುಸಿ ಹೊಳಪನ್ನು ಪಡೆದಿವೆ. ವಸ್ತುವಿನಲ್ಲಿ ತೆರೆದ ಭಾಗ ಹೆಚ್ಚಿದಷ್ಟೂ ಈ ಹಿನ್ನೆಲೆಯು ಹೆಚ್ಚಿ, ನಿಜವಾದ ಬಿಂಬವು ಅದರಲ್ಲಿ ಮಸುಕಾಗುತ್ತದೆ. ಆದಕಾರಣ ಅಳತೆಗಳ ಸಂಖ್ಯೆಯನ್ನು ಬಹಳವಾಗಿ ಹೆಚ್ಚಿಸಬೇಕಾಗುತ್ತದೆ. ಎರಡನೆಯದು, ಎರಡು ಹಾದಿಗಳ ಬೆಳಕಿನ ವಿನ್ಯಾಸವು ಒಂದೇ ಆಗಿರಬೇಕೆಂಬುದು ಇಡೀ ವಿಧಾನದ ಆಧಾರ. ಒಂದೇ ಮಾತೃಕೆಯಿಂದ ಪ್ರತಿಮಾಡಿದ ಎರಡು ಓಲೆಗರಿಗಳು ಒಂದೇ ಪಾಠವನ್ನು ಕೊಟ್ಟರೆ ಅವು ಎರಡು ಸ್ವತಂತ್ರ ಸಾಕ್ಷ್ಯಗಳಾಗಲಾರವೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಇಲ್ಲಿಯಾದರೋ ಆ ಪರಾಧೀನತೆಯೇ ಉಪಕರಣ. ಎರಡು ಹಾದಿಗಳು ಸ್ವತಂತ್ರವಾಗಿದ್ದರೆ ಬಿಂಬವೇ ಇಲ್ಲ. ಎರಡು ಅಳತೆಗಳ ಏರಿಳಿತಗಳು ಹೀಗೆ ಒಂದರೊಡನೊಂದು ಹೊಂದಿಕೊಂಡಿರುವುದನ್ನೇ ವಿಜ್ಞಾನಿಗಳು ಸಹಸಂಬಂಧವೆನ್ನುತ್ತಾರೆ.

೨. ಪೂರ್ವೇತಿಹಾಸ

ಬೆಳಕಿನ ಏರಿಳಿತಗಳ ಸಹಸಂಬಂಧದಿಂದ ದೂರದ ವಸ್ತುವಿನ ಸಂಗತಿಯನ್ನು ಅರಿಯಬಹುದೆಂಬ ವಿಚಾರವು ೧೯೯೫ಕ್ಕಿಂತ ಬಹಳ ಹಿಂದಿನದು. ಅದರ ಕರ್ತೃಗಳಲ್ಲಿ ಮುಖ್ಯನಾದ ರಾಬರ್ಟ್ ಹ್ಯಾನ್ಬರಿ ಬ್ರೌನ್ ೧೯೧೬ರಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರಿನ ಕೆಲಸದಲ್ಲಿ ತೊಡಗಿದ್ದ ಈತನು ಯುದ್ಧಾನಂತರ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯವನ್ನು ಸೇರಿ, ಆಕಾಶದ ರೇಡಿಯೋ ಮೂಲಗಳ ಗಾತ್ರವನ್ನು ಅಳೆಯಲು ಹೊಸ ಉಪಾಯವೊಂದನ್ನು ಯೋಚಿಸಿದನು. ದೂರದೂರದಲ್ಲಿರುವ ಎರಡು ಗ್ರಾಹಕಗಳಿಗೆ ಬಂದ ಅಲೆಗಳನ್ನೇ ಒಂದೆಡೆ ಕೂಡಿಸುವುದಕ್ಕೆ ಬದಲಾಗಿ, ಒಂದೊಂದರಲ್ಲಿಯೂ ಕಂಡ ತೀವ್ರತೆಯ ಏರಿಳಿತಗಳನ್ನು ಮಾತ್ರ ಹೋಲಿಸುವುದೇ ಆ ಉಪಾಯ. ಅದರ ಗಣಿತವನ್ನು ರಿಚರ್ಡ್ ಟ್ವಿಸ್ ರೂಪಿಸಿದನು. ಉಪಕರಣವನ್ನು ಕಟ್ಟಿ ನಡೆಸಿದವರು ರೋಜರ್ ಜೆನ್ನಿಸನ್ ಮತ್ತು ಕಲ್ಕತ್ತೆಯಿಂದ ಹೋಗಿದ್ದ ಮೃಣಾಲ್ ಕುಮಾರ್ ದಾಸಗುಪ್ತರು. ಸಿಗ್ನಸ್-ಎ ಎಂಬ ರೇಡಿಯೋ ಮೂಲವು ಒಂದಾಗಿರದೆ ಎರಡು ಭಾಗಗಳಾಗಿದೆಯೆಂದು ಇವರಿಬ್ಬರೂ ೧೯೫೩ರಲ್ಲಿ ಪ್ರಕಟಿಸಿದುದು ಖಗೋಳವಿಜ್ಞಾನದ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.

ರೇಡಿಯೋ ಅಲೆಗಳಿಗೆ ಒಪ್ಪಿದ ಈ ಉಪಾಯವನ್ನು ಕಣ್ಣಿಗೆ ಕಾಣುವ ಬೆಳಕಿಗೆ ಅನ್ವಯಿಸಿದೊಡನೆಯೇ ಆಕ್ಷೇಪಗಳು ಎದ್ದವು. ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುವುದಾದರೆ, ಎರಡು ಬೇರೆ ಗ್ರಾಹಕಗಳಿಗೆ ಬಂದ ಕಣಗಳು ಒಂದರ ಸಂಗಡ ಒಂದು ಏಕೆ ಹೊಂದಬೇಕು? ೧೯೫೬ರ ಆರಂಭದಲ್ಲಿ ಹ್ಯಾನ್ಬರಿ ಬ್ರೌನ್ ಮತ್ತು ಟ್ವಿಸ್ ಪಾದರಸದ ದೀಪದ ಬೆಳಕನ್ನು ಎರಡಾಗಿ ಒಡೆದು ಪ್ರಯೋಗಶಾಲೆಯಲ್ಲಿಯೇ ಸಹಸಂಬಂಧವನ್ನು ತೋರಿಸಿದರು. ಅದೇ ವರ್ಷ ಬ್ರಾನೆನ್ ಮತ್ತು ಫರ್ಗ್ಯುಸನ್ ಎಂಬುವರು ತಮ್ಮ ಪ್ರಯೋಗದಲ್ಲಿ ಅಂತಹುದೇನೂ ಕಾಣಲಿಲ್ಲವೆಂದೂ, ಅದು ಇರುವುದೇ ನಿಜವಾದರೆ ಕ್ವಾಂಟಮ್ ಸಿದ್ಧಾಂತದ ಮೂಲ ಭಾವನೆಗಳನ್ನೇ ತಿದ್ದಬೇಕಾದೀತೆಂದೂ ಬರೆದರು. ಈ ವಿರೋಧವನ್ನು ಎಡ್ವರ್ಡ್ ಪರ್ಸೆಲ್ ಅದೇ ವರ್ಷದಲ್ಲಿ ಪರಿಹರಿಸಿದನು. ಸಹಸಂಬಂಧವು ಕ್ವಾಂಟಮ್ ಸಿದ್ಧಾಂತಕ್ಕೆ ವಿರುದ್ಧವಲ್ಲ, ಅದರಿಂದಲೇ ಒದಗುವ ಫಲ. ವಿರೋಧಿಗಳ ಉಪಕರಣವು ಅದನ್ನು ಕಾಣುವಷ್ಟು ಸೂಕ್ಷ್ಮವಾಗಿರಲಿಲ್ಲವಷ್ಟೆ. ‘ಕಾಣಲಿಲ್ಲ’ ಎಂಬುದರಿಂದ ‘ಇಲ್ಲ’ ಎಂಬುದಕ್ಕೆ ಹಾರುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಆ ವರ್ಷವೇ ಲುಬ್ಧಕ ನಕ್ಷತ್ರದ ವ್ಯಾಸವನ್ನು ಅಳೆದ ಫಲಿತಾಂಶವೂ ಪ್ರಕಟವಾಯಿತು. ಅದಕ್ಕಾಗಿ ಬಳಸಿದ್ದು ಸೈನ್ಯದವರು ಬಿಟ್ಟಿದ್ದ ಎರಡು ಶೋಧದೀಪಗಳ ಕನ್ನಡಿಗಳು. ಒಂದು ಅಂಶವನ್ನು ೩೬೦೦ ಪಾಲು ಮಾಡಿದರೆ ಬರುವ ಒಂದು ವಿಕಲೆಯನ್ನು ಮತ್ತೆ ಸಾವಿರ ಪಾಲು ಮಾಡಿ, ಅದರಲ್ಲಿ ಆರೇಳು ಪಾಲಿನಷ್ಟು ಸಣ್ಣ ಕೋನವನ್ನು ಅವರು ಅಳೆದರು. ಮುಂದೆ ಆಸ್ಟ್ರೇಲಿಯದ ನರಾಬ್ರೈಯಲ್ಲಿ ೧೮೮ ಮೀಟರ್ ವ್ಯಾಸದ ವರ್ತುಲಾಕಾರದ ಹಳಿಯ ಮೇಲೆ ಚಲಿಸುವ ಎರಡು ಬೃಹತ್ ಪ್ರತಿಫಲಕಗಳನ್ನು ಸ್ಥಾಪಿಸಿ ೩೨ ನಕ್ಷತ್ರಗಳ ಕೋನವ್ಯಾಸಗಳನ್ನು ನಿರ್ಣಯಿಸಲಾಯಿತು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಸ್ಥಾಪಕರಾದ ವೇಣು ಬಾಪು ಅವರ ತರುವಾಯ, ೧೯೮೨ರಿಂದ ೧೯೮೫ರವರೆಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷನಾಗಿದ್ದವನು ಈ ಹ್ಯಾನ್ಬರಿ ಬ್ರೌನನೇ. ಈ ಅಳತೆಗಳಲ್ಲಿ ದೊರೆತದ್ದು ನಕ್ಷತ್ರದ ವ್ಯಾಸ, ಬಿಂಬವಲ್ಲ. ಬಿಂಬವು ದೊರೆಯಲು ನಾಲ್ಕು ದಶಕಗಳು ಬೇಕಾದವು. ಅದೂ ಬೇರೊಂದು ದಾರಿಯಿಂದ ಬಂದಿತು.

೩. ೧೯೯೫ರ ಪ್ರಯೋಗ

ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ವಿಭಾಗದಲ್ಲಿ ಪಿಟ್‌ಮನ್, ಶೀ, ಸ್ಟ್ರೆಕಲೋವ್, ಸೆರ್ಗಿಯೆಂಕೊ ಎಂಬ ನಾಲ್ವರು ಈ ಪ್ರಯೋಗವನ್ನು ನಡೆಸಿದರು. ವಿಶೇಷ ಬಗೆಯ ಸ್ಫಟಿಕವೊಂದರ ಮೇಲೆ ೩೫೧.೧ ನ್ಯಾನೋಮೀಟರ್ ತರಂಗಮಾನದ ಲೇಸರ್ ಕಿರಣವನ್ನು ಬಿಟ್ಟರೆ, ಅಪರೂಪಕ್ಕೊಮ್ಮೆ ಒಂದು ಫೋಟಾನು ಒಡೆದು ಅದರ ಎರಡರಷ್ಟು ತರಂಗಮಾನದ ಎರಡು ಫೋಟಾನುಗಳಾಗುತ್ತದೆ. ಈ ಅವಳಿಗಳು ಪರಸ್ಪರ ಹೆಣೆದುಕೊಂಡಿರುವ ಕ್ವಾಂಟಮ್ ಸ್ಥಿತಿಯಲ್ಲಿರುತ್ತವೆ. ಒಂದೊಂದನ್ನೇ ನೋಡಿದರೆ ಅದರ ಸ್ಥಾನವಾಗಲಿ ದಿಕ್ಕಾಗಲಿ ಗೊತ್ತಾದುದಲ್ಲ. ಆದರೆ ಒಂದರದು ಗೊತ್ತಾದರೆ ಇನ್ನೊಂದರದು ಗೊತ್ತಾದಂತೆಯೇ. ಅವಳಿಗಳಲ್ಲಿ ಒಂದನ್ನು ಮಸೂರದ ಮೂಲಕ, ವಿಶ್ವವಿದ್ಯಾನಿಲಯದ ಹೆಸರಿನ ‘ಯು ಎಂ ಬಿ ಸಿ’ ಎಂಬ ನಾಲ್ಕು ಅಕ್ಷರಗಳನ್ನು ಕೊರೆದ ತಗಡಿನ ಕಡೆಗೆ ಕಳುಹಿಸಿ ಅದರ ಹಿಂದೆ ಬಕೆಟ್ ಗ್ರಾಹಕವನ್ನಿಟ್ಟರು. ಇನ್ನೊಂದರ ಹಾದಿಯಲ್ಲಿ ತೆಳುವಾದ ಗಾಜಿನ ಎಳೆಯೊಂದನ್ನು ಬಿಂದುವಿನಿಂದ ಬಿಂದುವಿಗೆ ಸರಿಸುತ್ತ, ಎರಡು ಗ್ರಾಹಕಗಳೂ ಏಕಕಾಲದಲ್ಲಿ ಮಿಡಿದ ಸಲಗಳನ್ನು ಮಾತ್ರ ಎಣಿಸಿದರು. ತಗಡಿಲ್ಲದ ಆ ಹಾದಿಯ ಎಣಿಕೆಗಳಲ್ಲಿ ನಾಲ್ಕು ಅಕ್ಷರಗಳೂ ಮೂಡಿದವು.

ಇಲ್ಲಿ ಒಂದು ಸೊಗಸಾದ ವಿಷಯವಿದೆ. ಪ್ರೌಢಶಾಲೆಯಲ್ಲಿ ಕಲಿಯುವ ಮಸೂರದ ಸೂತ್ರವೇ ಈ ಬಿಂಬಕ್ಕೂ ಅನ್ವಯಿಸಿತು. ತಗಡಿನಿಂದ ಮಸೂರಕ್ಕೆ ೬೦೦ ಮಿಲಿಮೀಟರ್. ಮಸೂರದಿಂದ ಹಿಂದಕ್ಕೆ ಸ್ಫಟಿಕದವರೆಗೂ, ಅಲ್ಲಿಂದ ಎರಡನೆಯ ಹಾದಿಯಲ್ಲಿ ಗಾಜಿನ ಎಳೆಯವರೆಗೂ ಕೂಡಿ ೧೨೦೦ ಮಿಲಿಮೀಟರ್. ಮಸೂರದ ಸಂಗಮದೂರ ೪೦೦ ಮಿಲಿಮೀಟರ್. ಸೂತ್ರದಂತೆ ಬಿಂಬವು ಎರಡರಷ್ಟು ದೊಡ್ಡದಾಗಬೇಕು, ಹಾಗೆಯೇ ಆಯಿತು. ಬಕೆಟ್ ಗ್ರಾಹಕವೇ ದೀಪವೆಂದೂ ಸ್ಫಟಿಕವೇ ಕನ್ನಡಿಯೆಂದೂ ಕಲ್ಪಿಸಿಕೊಂಡರೆ ಇಡೀ ಏರ್ಪಾಡು ಸಾಮಾನ್ಯ ಬಿಂಬದ ಏರ್ಪಾಡಿನಂತೆಯೇ ನಡೆಯುತ್ತದೆಂದು ಮಾಸ್ಕೋದ ಕ್ಲಿಷ್ಕೊ ಎಂಬ ವಿಜ್ಞಾನಿಯು ಇದಕ್ಕೆ ಮೊದಲೇ ತೋರಿಸಿದ್ದನು.

೪. ವಿವಾದವೂ ನಿರ್ಣಯವೂ

ಪ್ರಯೋಗವು ನಿಸ್ಸಂದೇಹವಾಗಿ ಸರಿ. ಅದರಿಂದ ಏನು ಸಿದ್ಧವಾಯಿತೆಂಬುದೇ ಪ್ರಶ್ನೆ. ಹೆಣೆದುಕೊಂಡ ಅವಳಿಗಳಿಂದ ಭೂತಬಿಂಬ ದೊರೆಯಿತೆಂಬುದು ಒಂದು ಮಾತು. ಅವುಗಳಿಂದ ಮಾತ್ರವೇ ಅದು ದೊರೆಯಬಲ್ಲುದೆಂಬುದು ಬೇರೊಂದು ಮಾತು. ೨೦೦೧ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಅಬೂರಡ್ಡಿ ಮತ್ತು ಸಂಗಡಿಗರು ಈ ಎರಡನೆಯ ಮಾತನ್ನೇ ಸಿದ್ಧಾಂತರೂಪವಾಗಿ ಪ್ರತಿಪಾದಿಸಿದರು. ಆದರೆ ಮರುವರ್ಷವೇ, ಎಂದರೆ ೨೦೦೨ರಲ್ಲಿ, ರಾಚೆಸ್ಟರಿನ ಬೆನ್ನಿಂಕ್, ಬೆಂಟ್ಲಿ, ಬಾಯ್ಡ್ ಎಂಬ ಮೂವರು ಸಾಮಾನ್ಯ ಲೇಸರ್ ಕಿರಣವನ್ನು ಗೊತ್ತುಗುರಿಯಿಲ್ಲದೆ ಅತ್ತಿತ್ತ ತಿರುಗಿಸಿ, ಅದನ್ನು ಎರಡಾಗಿ ಒಡೆದು, ಯಾವ ಹೆಣಿಗೆಯೂ ಇಲ್ಲದೆ ಭೂತಬಿಂಬವನ್ನು ಪಡೆದರು. ೨೦೦೪ರಲ್ಲಿ ಇಟಲಿಯ ಗಾಟ್ಟಿ ಮೊದಲಾದವರು ಸಾಮಾನ್ಯ ದೀಪದ ಅಸ್ತವ್ಯಸ್ತವಾದ ಬೆಳಕಿನಿಂದಲೂ ಇದು ಸಾಧ್ಯವೆಂದು ಗಣಿತದಿಂದ ತೋರಿಸಿದರು. ೨೦೦೫ರಲ್ಲಿ ಇಟಲಿಯ ತಂಡವೂ ಮೇರಿಲ್ಯಾಂಡಿನ ತಂಡವೂ ಬೇರೆಬೇರೆಯಾಗಿ, ಉಜ್ಜಿ ಮಸುಕಾಗಿಸಿದ ಗಾಜಿನ ತಟ್ಟೆಯನ್ನು ಲೇಸರಿನ ಮುಂದೆ ತಿರುಗಿಸಿ ಅಂತಹ ಬೆಳಕನ್ನು ಉಂಟುಮಾಡಿ, ಅದನ್ನು ಪ್ರಯೋಗದಿಂದ ದೃಢಪಡಿಸಿದವು. ಹೀಗೆ ೧೯೫೬ರ ಸಹಸಂಬಂಧವೂ ೧೯೯೫ರ ಬಿಂಬವೂ ಒಂದೇ ದಾರಿಗೆ ಬಂದು ಕೂಡಿದವು.

ಹಾಗಾದರೆ ಹೆಣಿಗೆಗೆ ಯಾವ ವಿಶೇಷವೂ ಉಳಿಯಲಿಲ್ಲವೇ? ಉಳಿಯಿತು. ರಾಚೆಸ್ಟರಿನವರೇ ೨೦೦೪ರಲ್ಲಿ ಅದರ ಎಲ್ಲೆಯನ್ನು ಗುರುತಿಸಿದರು: ಅವಳಿ ಫೋಟಾನುಗಳ ಒಂದೇ ಮೂಲದಲ್ಲಿ ಸ್ಥಾನದ ಹೊಂದಿಕೆಯೂ ದಿಕ್ಕಿನ ಹೊಂದಿಕೆಯೂ ಕೂಡಿ ತಲುಪುವ ಸೂಕ್ಷ್ಮತೆಗೆ ಸಾಮಾನ್ಯ ಬೆಳಕು ಏರಲಾರದು. ಅವಳಿಗಳ ಬಿಂಬದಲ್ಲಿ ನಮ್ಮ ಲೆಕ್ಕದ ‘೨’ರಂತಹ ಹುಸಿ ಹಿನ್ನೆಲೆಯೂ ಬಹಳ ಕಡಿಮೆ. ಆದರೆ ‘ಭೂತಬಿಂಬ ದೊರೆಯಿತು, ಆದುದರಿಂದ ಹೆಣಿಗೆ ಇತ್ತು’ ಎಂಬ ತರ್ಕಕ್ಕೆ ಎಡೆಯಿಲ್ಲದಂತಾಯಿತು.

ಸಾಮಾನ್ಯ ಬೆಳಕಿನ ಬಿಂಬವನ್ನು ಹೇಗೆ ಅರ್ಥಮಾಡಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವು ಮುಂದೆಯೂ ನಡೆಯಿತು. ೧೯೯೫ರ ಪ್ರಯೋಗಕಾರರಲ್ಲಿ ಒಬ್ಬರಾದ ಶೀ ಅವರು ಅದೂ ಎರಡು ಫೋಟಾನುಗಳ ಕ್ವಾಂಟಮ್ ವ್ಯತಿಕರಣವೇ ಎಂದು ವಾದಿಸಿದರು. ಷಪೀರೊ ಮತ್ತು ಬಾಯ್ಡ್ ಅವರು ಬೆಳಕನ್ನು ಸಾಂಪ್ರದಾಯಿಕ ಅಲೆಯೆಂದೇ ಎಣಿಸಿದರೂ ಎಲ್ಲ ಅಳತೆಗಳೂ ಹೊಂದುತ್ತವೆಯೆಂದರು. ಉಭಯಪಕ್ಷಗಳ ಲೇಖನಗಳೂ ೨೦೧೨ರಲ್ಲಿ ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ಅಳತೆಗಳನ್ನು ಕುರಿತು ಅವರಲ್ಲಿ ಜಗಳವಿಲ್ಲ. ಜಗಳವು ಅವುಗಳ ಅರ್ಥವನ್ನು ಕುರಿತದ್ದು.

೫. ಎರಡನೆಯ ಸಾಕ್ಷಿ ಇಲ್ಲದ ಬಿಂಬ

ಈ ವಾದಕ್ಕೆ ಅನಿರೀಕ್ಷಿತವಾದ ತಿರುವನ್ನು ಕೊಟ್ಟದ್ದು ೨೦೦೮ರ ಒಂದು ಸೂಚನೆ. ಎರಡನೆಯ ಹಾದಿಯಲ್ಲಿರುವ ಕ್ಯಾಮರಾದ ಕೆಲಸವು ಬೆಳಕಿನ ವಿನ್ಯಾಸವನ್ನು ವರದಿಮಾಡುವುದಷ್ಟೆ. ಆ ವಿನ್ಯಾಸವನ್ನು ನಾವೇ ಗಣಕಯಂತ್ರದಿಂದ ರಚಿಸಿ ವಸ್ತುವಿನ ಮೇಲೆ ಬಿಟ್ಟರೆ ವರದಿಯ ಅಗತ್ಯವೇ ಇಲ್ಲವಲ್ಲವೇ ಎಂದು ಮೇಲೆ ಹೇಳಿದ ಷಪೀರೊ ಕೇಳಿದರು. ೨೦೦೯ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಬ್ರೋಂಬರ್ಗ್, ಕಾಟ್ಜ್, ಸಿಲ್ಬರ್‌ಬರ್ಗ್ ಎಂಬುವರು ಹಾಗೆಯೇ ಮಾಡಿ ತೋರಿಸಿದರು. ನಮ್ಮ ನಾಲ್ಕು ಮನೆಗಳ ಲೆಕ್ಕದಲ್ಲಿ ಯಾವ ಎರಡು ಮನೆಗಳು ಬೆಳಗಿದವೆಂಬುದು ಓದುಗರಿಗೆ ಕ್ಯಾಮರಾ ಇಲ್ಲದೆಯೇ ತಿಳಿದಿದ್ದಿತು, ಇದೂ ಅಂತೆಯೇ. ವಸ್ತುವನ್ನು ಮುಟ್ಟದ ಬೆಳಕು ಬಿಂಬವನ್ನು ಬರೆಯಿತೆಂಬ ಬೆರಗಿನ ಮಾತಿಗೆ ಇಲ್ಲಿ ಅವಕಾಶವೇ ಇಲ್ಲ. ಏಕೆಂದರೆ ಅಂತಹ ಬೆಳಕೇ ಇಲ್ಲ. ವಸ್ತುವಿನ ಸುದ್ದಿಯೆಲ್ಲವೂ ಮೊದಲಿನಿಂದಲೂ ಬಕೆಟ್ ಗ್ರಾಹಕದ ಮೂಲಕವೇ ಬರುತ್ತಿದ್ದಿತು. ಎರಡನೆಯ ಹಾದಿಯು ಆ ಸುದ್ದಿಯನ್ನು ಓದಿಕೊಳ್ಳಲು ಬೇಕಾದ ಕೀಲಿಯನ್ನು ಒದಗಿಸುತ್ತಿದ್ದಿತು.

ಉಪಯೋಗಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಸ್ತುವಿನ ಬಳಿ ಕ್ಯಾಮರಾ ಇರಬೇಕಿಲ್ಲವೆಂಬುದೇ ಈ ವಿಧಾನದ ಮುಖ್ಯ ಲಾಭ. ೨೦೧೩ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದವರು, ಚಿತ್ರಫಲಕವಿಲ್ಲದ ಕೆಲವೇ ಒಂಟಿ ಗ್ರಾಹಕಗಳಿಂದ ಉಬ್ಬುತಗ್ಗುಗಳುಳ್ಳ ವಸ್ತುವಿನ ಮೂರು ಆಯಾಮಗಳ ಬಿಂಬವನ್ನು ಪಡೆದರು. ೨೦೧೫ರಲ್ಲಿ ಅಲ್ಲಿಯವರೇ ವಸ್ತುವಿನ ಮೇಲೆ ೧೫೫೦ ನ್ಯಾನೋಮೀಟರಿನ ಕಾಣದ ಬೆಳಕನ್ನು ಬಿಟ್ಟು, ಅದರ ಜೊತೆಯ ೪೬೦ ನ್ಯಾನೋಮೀಟರಿನ ನೀಲಿ ಫೋಟಾನುಗಳನ್ನು ಕ್ಯಾಮರಾದಲ್ಲಿ ಹಿಡಿದು ಬಿಂಬವನ್ನು ತೆಗೆದರು. ೨೦೧೬ರಲ್ಲಿ ಎಕ್ಸ್ ಕಿರಣಗಳಿಂದಲೂ ಹೀಲಿಯಮ್ ಪರಮಾಣುಗಳಿಂದಲೂ ಭೂತಬಿಂಬಗಳು ದೊರೆತವು. ಆದರೆ ಒಂದು ಬಿಂಬಕ್ಕೆ ಅನೇಕ ಅಳತೆಗಳು ಬೇಕು. ಸಾಮಾನ್ಯ ಕ್ಯಾಮರಾ ಸುಲಭವಾಗಿ ದೊರೆಯುವೆಡೆ ಈ ಶ್ರಮಕ್ಕೆ ಕಾರಣವಿಲ್ಲ.

೬. ಉಪಸಂಹಾರ

ಈ ವಿಷಯವನ್ನು ಜನಪ್ರಿಯವಾಗಿ ಬರೆಯುವವರು ಹಲವು ವೇಳೆ ೧೯೯೫ರಲ್ಲಿಯೇ ನಿಂತು, ಎರಡು ಫೋಟಾನುಗಳ ನಡುವಣ ಅಗೋಚರ ಬಂಧನದಿಂದ ಬಿಂಬವು ಮೂಡುತ್ತದೆಂದು ಹೇಳಿ ಮುಗಿಸುತ್ತಾರೆ. ವಿದ್ಯಾರ್ಥಿಗಳು ಅದನ್ನೇ ಕಂಠಪಾಠ ಮಾಡುತ್ತಾರೆ. ಆ ಹೇಳಿಕೆಯು ಸುಳ್ಳಲ್ಲ, ಅಪೂರ್ಣ. ಅಪೂರ್ಣವಾದುದನ್ನು ಪೂರ್ಣವೆಂದು ನಂಬುವುದು ಸುಳ್ಳನ್ನು ನಂಬುವುದಕ್ಕಿಂತ ತಿದ್ದಲು ಕಷ್ಟವಾದುದು. ಒಂದು ಫಲಕ್ಕೆ ಸಾಕಾದ ಕಾರಣವನ್ನು ಕಂಡೊಡನೆ ಅದನ್ನೇ ಬೇಕಾದ ಕಾರಣವೆಂದು ಭ್ರಮಿಸುವ ದೋಷವು ನಮ್ಮ ಶಾಸ್ತ್ರದಲ್ಲಿಯೂ ಇಲ್ಲದಿಲ್ಲ. ರಾಜ್ಯವೊಂದು ಕುಸಿದುದಕ್ಕೆ ಬರಗಾಲವು ಸಾಕಾದ ಕಾರಣವೆಂದು ತೋರಿದೊಡನೆ ಬೇರೆ ಕಾರಣಗಳನ್ನು ಅರಸುವುದನ್ನೇ ನಾವು ಬಿಟ್ಟುಬಿಡುತ್ತೇವೆ. ಭೌತವಿಜ್ಞಾನಿಗಳಿಗಾದರೋ ಹೆಣಿಗೆಯನ್ನು ತೆಗೆದುಹಾಕಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವ ಅನುಕೂಲವಿದ್ದಿತು. ಬರಗಾಲವನ್ನು ತೆಗೆದುಹಾಕಿ ಕಳೆದ ಕಾಲವನ್ನು ಮತ್ತೆ ನಡೆಸುವ ಅನುಕೂಲವು ಇತಿಹಾಸಕಾರನಿಗಿಲ್ಲ. ಅದೇ ಬರಗಾಲವನ್ನು ಕಂಡೂ ಕುಸಿಯದೆ ನಿಂತ ನೆರೆಯ ರಾಜ್ಯವನ್ನು ಹುಡುಕುವುದೊಂದೇ ಅವನಿಗೆ ಉಳಿದಿರುವ ದಾರಿ. ‘ಇದರಿಂದಲೇ’ ಎಂದು ಬರೆಯುವುದಕ್ಕೆ ಮೊದಲು ಆ ದಾರಿಯನ್ನು ಹಿಡಿಯುವುದು ಅವನಿಗೆ ವಿಹಿತವಾದುದು.